ಮೊಯಾಲೆಯಲ್ಲಿ ಮೂರು ಗಂಟೆ

ಸಭೆ ಮೂರು ಗಂಟೆಗೆ ಎಂದು ಬರೆದಿದ್ದರು ಜೆಮಾನೇಶ್.
ಊಟ ಮುಗಿಸಿ ಹೋದೆ ನಾನು.
ಅವರು ಬೆಳಗಿನಿಂದ ಕಾದು ಕಾದು
ನಾಲ್ಕನೆಯ ಕಾಫಿಯ ಚರಟದಲ್ಲಿದ್ದರು.
ಇಥಿಯೋಪಿಯದ ದಿನ ಹುಟ್ಟುವುದು ಸೂರ್ಯನ ಜೊತೆಗೆ,
ನಮ್ಮ ಒಂಬತ್ತು ಅವರಿಗೆ ಮೂರು.
ನಗು ಬಂತು. ನನ್ನ ಅಜ್ಜಿಯ ಸ್ವಾಹಿಲಿಯಲ್ಲೂ ಹಾಗೆಯೇ;
ಇಂಗ್ಲಿಷಿನ ಕಡತದಲ್ಲಿ ಮಾತ್ರ
ನಾವಿಬ್ಬರೂ ಆರು ತಾಸು ದೂರ.

ಮೇಜಿನ ಮೇಲೆ ನಕ್ಷೆ, ಮೂಲೆಗೊಂದು ಕಲ್ಲು.
ಕೆಂಪು ಪೆನ್ಸಿಲಿನ ಗೆರೆ ಅವರ ಅಣೆಕಟ್ಟಿನಿಂದ ಇಳಿದು
ಗುಡ್ಡ ಬಳಸಿ, ಒಣಹಳ್ಳ ಹಾರಿ,
ಗಡಿಯ ಚುಕ್ಕೆಗಳನ್ನು ಇರುವೆಸಾಲು ದಾಟುವಂತೆ ದಾಟಿ
ನೈರೋಬಿಯ ಹಸಿವಿನೊಳಗೆ ಹೋಗುತ್ತಿತ್ತು.

ಸಂಜೆಯವರೆಗೂ ಜಗಳ.
ಒಂದೇ ತಾಳಕ್ಕೆ ಕಟ್ಟೋಣ, ಎಂದೆ,
ಸೆಕೆಂಡಿಗೆ ಐವತ್ತು ಬಡಿತ, ಎರಡು ದೇಶಕ್ಕೆ ಒಂದೇ ನಾಡಿ.
"ಬೇಡ," ಎಂದರು, "ನಿಮ್ಮಲ್ಲೊಂದು ತಂತಿ ಕಡಿದರೆ
ನಮ್ಮ ಅಡಿಸ್ ಕತ್ತಲಲ್ಲಿ ಎದ್ದು ಕೂರುತ್ತದೆ.
ಏಕಮುಖ ಪ್ರವಾಹವಿರಲಿ. ನಿಮ್ಮ ಬಡಿತ ನಿಮಗೆ,
ನಮ್ಮದು ನಮಗೆ. ಕೊಡುಕೊಳ್ಳುವುದಕ್ಕೆ
ಒಂದು ಕಿಟಕಿ ಸಾಕು."
ವಿಚ್ಛೇದನ ಪಡೆದವರು ಅವರು.
ನಾನು ಮುಂದೆ ಕೇಳಲಿಲ್ಲ.

ಮರುದಿನ, ಇನ್ನೂರ ಹನ್ನೆರಡನೆಯ ಗೂಟ.
ಗೋಪುರದ ಕಾಲಿಗೆ ಸುಣ್ಣ ಹಾಕಿದ್ದ ಜಾಗದಿಂದಲೇ
ದನಗಳ ದಾರಿ ಇಳಿಜಾರಾಗಿ ನೆಲದೊಳಗೆ ಇಳಿಯುತ್ತಿತ್ತು.
ತುದಿಗೆ ಬಾವಿ. ಬಾವಿಯೊಳಗೆ
ಒಬ್ಬರ ತಲೆಯ ಮೇಲೊಬ್ಬರಂತೆ ಒಂಬತ್ತು ಗಂಡಸರು,
ಕೈಯಿಂದ ಕೈಗೆ ತೊಗಲ ಕೊಡ,
ತುಂಬಿದ್ದು ಮೇಲಕ್ಕೆ, ಬರಿದು ಕೆಳಕ್ಕೆ.
ಹಾಡು ತಪ್ಪಿದರೆ ನೀರು ತಪ್ಪುತ್ತದೆ.
ಎಣಿಸಿದೆ, ಕಸುಬಿನ ಚಟ: ನಿಮಿಷಕ್ಕೆ ನಲವತ್ತು.
ನಡುವಿನವ ಕೆಮ್ಮಿದ.
ಇಡೀ ಸಾಲು ಅವನ ಕೆಮ್ಮಿಗೆ ಕಾಯಿತು,
ಕೊಡಗಳು ಗಾಳಿಯಲ್ಲೇ.
ಮತ್ತೆ ಹಾಡು, ಮೊದಲಿನ ಹಾಗೆ.
ಜೆಮಾನೇಶ್ ನನ್ನತ್ತ ನೋಡಿದರು.
ಗೆದ್ದದ್ದು ಅವರೋ ನಾನೋ
ಇಬ್ಬರಿಗೂ ಬಗೆಹರಿಯಲಿಲ್ಲ.

ಅಂಚಿನಲ್ಲಿ ಕೋಲೂರಿ ನಿಂತಿದ್ದ ಜಾಟನಿ,
ಸರದಿ ನೋಡುವ ಹಿರಿಯ.
ಬಾವಿ ತೋಡಿದವನ ದನ ಮೊದಲು, ಎಂದ,
ಆಮೇಲೆ ಕೊಡ ಎತ್ತಿದವರದ್ದು,
ಹಸುವಿಗೆ ಮೂರು ದಿನಕ್ಕೊಮ್ಮೆ,
ಕುದುರೆ ಬಂದರೆ ಮಾತ್ರ ಸರದಿ ಕೇಳಬಾರದು.
"ಗಡಿಯಾಚೆಯವರು ಬಂದರೆ?"
"ಯಾವ ಗಡಿ?" ಎಂದ. ತಮಾಷೆಯಲ್ಲ;
ಎರಡಿವೆ ಅವನ ಲೆಕ್ಕದಲ್ಲಿ,
ಸರ್ಕಾರದ್ದೊಂದು, ಹೆಣ್ಣು ಕೊಟ್ಟು ತಂದದ್ದೊಂದು.
"ಬಾವಿ ತಳ ಕಂಡಾಗ?"
"ಕೂತು ಜಗಳವಾಡುತ್ತೇವೆ.
ಯಾರೂ ನಡುವೆ ಎದ್ದು ಹೋಗುವಂತಿಲ್ಲ."

ನಮ್ಮ ಕರಡಿನಲ್ಲಿ ಇದಕ್ಕೊಂದು ಅನುಬಂಧವಿದೆ, ಹದಿನೇಳನೆಯದು:
ಕೊರತೆ ಬಂದಾಗ ಯಾರ ದೀಪ ಮೊದಲು ಆರಿಸುವುದು.
ತಲೆಬರಹದ ಕೆಳಗೆ ಬಿಳಿ ಹಾಳೆ.

ಈಗ ಕೇಳುವ ಸರದಿ ಅವನದು.
"ನಮ್ಮ ನೆತ್ತಿಯ ಮೇಲೆ ಹೋಗುವುದು
ಇಲ್ಲೆಲ್ಲಾದರೂ ಕೆಳಗೆ ಇಳಿಯುತ್ತದೆಯೆ?"
ಐದು ಲಕ್ಷ ವೋಲ್ಟು, ಎಂದೆ. ಇಳಿಸಲು ಕೇಂದ್ರ ಬೇಕು,
ಕೇಂದ್ರಕ್ಕೆ ಹಣ, ಹಣಕ್ಕೆ
ಊರು ಇನ್ನಷ್ಟು ದೊಡ್ಡದಿರಬೇಕು.
ತಲೆದೂಗಿದ, ಸುರಿಯದೆ ದಾಟುವ ಮೋಡಕ್ಕೆ
ತಲೆದೂಗುವ ಹಾಗೆ.
"ಹಾಗಾದರೆ ಕಾಲು ಇಲ್ಲಿ ಊರಬೇಡಿ."

ಗೂಟ ಕಿತ್ತು ಅರವತ್ತು ಮೀಟರು ಪೂರ್ವಕ್ಕೆ ನೆಟ್ಟೆವು.
ನಮೂನೆಯಲ್ಲಿ "ಕಾರಣ" ಎಂಬಲ್ಲಿ
ದನದ ದಾರಿಗೆ ಮನೆಯಿರಲಿಲ್ಲ;
"ಸಡಿಲ ಮಣ್ಣು" ಎಂದು ಬರೆದೆ.
ಜೆಮಾನೇಶ್ ಆ ಗಟ್ಟಿ ಕಲ್ಲುನೆಲವನ್ನು
ಬೂಟಿನ ತುದಿಯಿಂದ ಒಮ್ಮೆ ಒದ್ದು ಸಹಿ ಹಾಕಿದರು,
ತಮ್ಮ ಪಂಚಾಂಗದ ಇಸವಿ ಬರೆದರು,
ನನ್ನದಕ್ಕಿಂತ ಎಂಟು ವರ್ಷ ಎಳೆಯದು.

"ನಾಳೆ ಹದಿನೇಳನೆಯ ಅನುಬಂಧ," ಎಂದರು, "ಮೂರಕ್ಕೆ."
ಯಾವ ಮೂರು ಎಂದು ನಾನು ಕೇಳಲಿಲ್ಲ.
ಬೆಳಕು ಹರಿಯುವ ಮೊದಲೇ ಎದ್ದು
ಎರಡು ಕಾಫಿಗೆ ಹೇಳಿ
ಕೂತೆ.